ಹುಳುಗಳ ಪಾಲಿನ ತುಪ್ಪ

ಎಂ.ಎಸ್ಸಿ. ಎರಡನೇ ವರ್ಷದಲ್ಲಿ ನಾನು ಹುಳು ಸಾಕಿದೆ. ಹೀಗೆಂದರೆ ಎಲ್ಲರೂ ರೇಷ್ಮೆಹುಳು ಎಂದುಕೊಳ್ಳುತ್ತಾರೆ. ರೇಷ್ಮೆಯಾಗಿದ್ದರೆ ಮನೆಯಲ್ಲಿ ಸ್ವಲ್ಪ ಮರ್ಯಾದೆಯಾದರೂ ಸಿಗುತ್ತಿತ್ತು. ನನ್ನವು ಒಂದು ಮಿಲಿಮೀಟರ್ ಉದ್ದದ ದುಂಡುಹುಳುಗಳು. ಮಣ್ಣಿನಲ್ಲಿ, ಕೊಳೆತ ಹಣ್ಣಿನಲ್ಲಿ ಇರುವಂಥವು. ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ. ಮೈಯೆಲ್ಲ ಪಾರದರ್ಶಕವಾದ್ದರಿಂದ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಹೊಟ್ಟೆಯೊಳಗಿನ ಮೊಟ್ಟೆಗಳೂ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಮೊಟ್ಟೆಯಿಂದ ಹೊರಬಂದ ಮೂರೇ ದಿನಕ್ಕೆ ಬೆಳೆದು ದೊಡ್ಡದಾಗಿ, ಗಂಡಿನ ಹಂಗೂ ಇಲ್ಲದೆ, ಸುಮಾರು ಮುನ್ನೂರು ಮೊಟ್ಟೆ ಇಟ್ಟು ಕೆಲಸ ಮುಗಿಸಿಬಿಡುತ್ತವೆ. ಇದನ್ನು ಕೇಳಿ ನನ್ನ ಅಕ್ಕ, "ಅತ್ತೆಮನೇನೂ ಇಲ್ಲ ಅಲ್ವಾ? ಪುಣ್ಯ ಮಾಡಿದಾವೆ" ಎಂದಿದ್ದಳು.

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮನೆ ಶ್ರೀನಗರದಲ್ಲಿ, ಕಾಲೇಜು ಜಯನಗರದಲ್ಲಿ. ನನ್ನ ಹುಳುಗಳಿಗೆ ಇಪ್ಪತ್ತು ಡಿಗ್ರಿಯ ಆಸುಪಾಸಿನ ಹವೆ ಬೇಕು. ಅವಕ್ಕಾಗಿಯೇ ಇದ್ದ ಇನ್‌ಕ್ಯುಬೇಟರ್ ಕರೆಂಟು ಹೋದಾಗಲೆಲ್ಲ ನಿಂತುಹೋಗುತ್ತಿತ್ತು, ಆದರೆ ಡಿಸೆಂಬರಿನಲ್ಲಿ ಕಿಟಕಿ ತೆರೆದಿಟ್ಟರೆ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಆ ಕಾಲದ ಬೆಂಗಳೂರಿನ ಹವೆ ಪಿಂಚಣಿದಾರರಿಗೂ ನನ್ನ ಹುಳುಗಳಿಗೂ ಹೇಳಿ ಮಾಡಿಸಿದಂತಿತ್ತು.

ನನಗೆ ಗೈಡ್ ಆಗಿದ್ದವರು ಒಬ್ಬ ಮೇಡಂ. ಕಾಟನ್ ಸೀರೆ, ಕುತ್ತಿಗೆಗೆ ದಾರದಲ್ಲಿ ನೇತುಬಿಟ್ಟ ಕನ್ನಡಕ, ಬಾಯಿ ತೆರೆದರೆ ಒಂದೇ ಪ್ರಶ್ನೆ: "ಕಂಟ್ರೋಲ್ ಎಲ್ಲಿ?" ಅಂದರೆ, ಬೇರೆಲ್ಲವೂ ಒಂದೇ ಆಗಿದ್ದು, ನೀನು ಪರೀಕ್ಷಿಸುತ್ತಿರುವ ಆ ಒಂದು ವಸ್ತು ಮಾತ್ರ ಇಲ್ಲದ ಪ್ಲೇಟು ಎಲ್ಲಿದೆ ತೋರಿಸು ಎಂದು. ಕ್ಯಾಂಟೀನಿನಲ್ಲಿ ಯಾರಾದರೂ "ಇವತ್ತು ಸಾಂಬಾರ್ ಸಖತ್ತಾಗಿದೆ" ಎಂದರೂ ಮೇಡಂ "ಯಾವುದಕ್ಕೆ ಹೋಲಿಸಿ?" ಎನ್ನುವರು. ಅವರ ಜೊತೆ ಊಟಕ್ಕೆ ಕೂರಲು ನಮಗೆಲ್ಲ ಭಯ.

ನನ್ನ ಪ್ರಾಜೆಕ್ಟು ಇಷ್ಟು: ಆಹಾರದಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಈ ಹುಳುಗಳ ಬೆಳವಣಿಗೆ ಏನಾಗುತ್ತದೆ, ಸಂತಾನ ಏನಾಗುತ್ತದೆ? ಸ್ಯಾಚುರೇಟೆಡ್ ಕೊಬ್ಬೆಂದರೆ ಚಳಿಗೆ ಹೆಪ್ಪುಗಟ್ಟುವ ಜಾತಿ, ಬೆಣ್ಣೆ ತುಪ್ಪ ವನಸ್ಪತಿಯಂಥದ್ದು. ಮೇಡಂ ಹತ್ತಿರ ಜೂನ್ ತಿಂಗಳಿಂದ ಒಂದು ಪ್ರಾಜೆಕ್ಟ್ ಅಸಿಸ್ಟೆಂಟ್ ಜಾಗ ಖಾಲಿಯಾಗುವುದಿತ್ತು. "ಮಾರ್ಚ್ ಕೊನೇ ಒಳಗೆ ನೀಟಾಗಿ ಥೀಸಿಸ್ ಬರ್ದು ಕೊಡು, ಆ ಜಾಗ ನಿಂದೇ" ಎಂದಿದ್ದರು. ಇಡೀ ಕ್ಲಾಸಿನಲ್ಲಿ ಆ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ. ನನಗೆ ಆ ಜಾಗ ಬೇಕೇ ಬೇಕಿತ್ತು. ಜೀವಮಾನವೆಲ್ಲ ಆ ಮೈಕ್ರೋಸ್ಕೋಪಿನ ಮುಂದೆ ಕೂರಬೇಕು ಎಂದು ಅಷ್ಟರಲ್ಲಾಗಲೇ ತೀರ್ಮಾನಿಸಿಬಿಟ್ಟಿದ್ದೆ.

ತೊಡಕು ಶುರುವಾದದ್ದು ಕೊಬ್ಬಿನಲ್ಲಿಯೇ. ಆರ್ಡರ್ ಮಾಡಿದ್ದ ಶುದ್ಧ ರಾಸಾಯನಿಕದ ಸೀಸೆ ತಿಂಗಳುಗಟ್ಟಲೆ ಬರಲೇ ಇಲ್ಲ. ಒಂದು ದಿನ ಮೇಡಂ ಬೇಸತ್ತು ಕೇಳಿದರು, "ತುಪ್ಪ ಹಾಕಿ ನೋಡೋಣ. ಅಂಗಡೀದು ಬೇಡ, ಏನ್ ಬೆರೆಸಿರ್ತಾರೋ. ನಿಮ್ಮನೇಲಿ ಶುದ್ಧ ತುಪ್ಪ ಇದ್ಯಾ?"

"ನಮ್ಮನೇಲಿ ಅದಕ್ಕೇನ್ ಬರ ಮೇಡಂ" ಎಂದೆ.

ಬರವಿರದಿದ್ದುದಕ್ಕೆ ಕಾರಣ ನನ್ನ ಅಜ್ಜಿ, ಅಪ್ಪನ ಅಮ್ಮ. ಆಗ ಅವಳಿಗೆ ಎಂಬತ್ತು. ಅಡುಗೆಮನೆಯ ಮಿಕ್ಕ ಅಧಿಕಾರವೆಲ್ಲ ಅಮ್ಮನಿಗೂ ಮಿಕ್ಸಿಗೂ ಹೋಗಿತ್ತು. ತುಪ್ಪ ಮಾತ್ರ ಅಜ್ಜಿಯದು. ದಿನಾ ಹಾಲಿನ ಕೆನೆ ತೆಗೆದಿಟ್ಟು, ಹೆಪ್ಪು ಹಾಕಿ, ವಾರಕ್ಕೊಮ್ಮೆ ಕಡೆಯುವಳು. ಬೆಣ್ಣೆಯನ್ನು ಮೂರು ನೀರಿನಲ್ಲಿ ತೊಳೆದು, ಸಣ್ಣ ಉರಿಯ ಮೇಲಿಟ್ಟು, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂರುವಳು. ಚಟಪಟ ಸದ್ದು ನಿಂತಿತೆಂದರೆ ತುಪ್ಪವಾಯಿತೆಂದು ಲೆಕ್ಕ. ಅಷ್ಟರಲ್ಲಿ ಮನೆಯೆಲ್ಲ ಘಮಘಮ. ಕೊನೆಗೊಂದು ವೀಳ್ಯದೆಲೆ ಹಾಕಿ ಇಳಿಸುವಳು. ಆ ಎಲೆ ಹಪ್ಪಳದಂತೆ ಗರಿಗರಿಯಾಗುತ್ತದೆ, ಅದಕ್ಕಾಗಿ ಚಿಕ್ಕಂದಿನಲ್ಲಿ ನಾನೂ ಅಕ್ಕನೂ ಜಡೆ ಹಿಡಿದು ಹೊಡೆದಾಡಿದ್ದೇವೆ. ಒಮ್ಮೆ ಅಕ್ಕ ಬಿಸಿ ಎಲೆಯನ್ನು ಹಾಗೇ ಬಾಯಿಗೆ ತುರುಕಿಕೊಂಡು ನಾಲಿಗೆ ಸುಟ್ಟುಕೊಂಡಳು. ಎರಡು ದಿನ ಅವಳ ಬಾಯಿ ಮುಚ್ಚಿತ್ತು. ಆ ಎರಡು ದಿನವನ್ನು ನಾನು ಇಂದಿಗೂ ಸುಖವಾಗಿ ನೆನೆಯುತ್ತೇನೆ.

ಹುಳುಗಳಿಗೆ ತುಪ್ಪ ಬೇಕೆಂದಾಗ ಅಜ್ಜಿ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. "ಹುಳಕ್ಕಾ? ತುಪ್ಪಾನಾ?"

"ಪ್ರಯೋಗಕ್ಕೆ ಅಜ್ಜಿ. ತಿಂದ್ರೆ ಏನಾಗುತ್ತೆ ಅಂತ ನೋಡಕ್ಕೆ."

"ಏನಾಗುತ್ತೆ? ಚೆನ್ನಾಗ್ ಆಗುತ್ತೆ. ಎಷ್ಟಿವೆ ಹುಳು?"

"ಒಂದ್ ಸಾವಿರ ಇರ್ಬಹುದು."

ಅಜ್ಜಿ ಕೈಯಲ್ಲಿದ್ದ ಪುಟ್ಟ ಬಾಟಲಿಯನ್ನು ಒಳಗಿಟ್ಟು, ದೊಡ್ಡದೊಂದು ಬಾಟಲಿ ತಂದಳು.

ಹೀಗೆ ನನ್ನ ಕೆಲಸ ಶುರುವಾಯಿತು. ಮೂರು ಬಗೆಯ ಪ್ಲೇಟುಗಳು: ಒಂದು ಬರಿಯದು, ಒಂದಕ್ಕೆ ಸೂರ್ಯಕಾಂತಿ ಎಣ್ಣೆ, ಒಂದಕ್ಕೆ ತುಪ್ಪ. ಪ್ಲೇಟೆಂದರೆ ಅಂಗೈಯಗಲದ ಮುಚ್ಚಳದ ತಟ್ಟೆ, ಅದರಲ್ಲಿ ಹೆಪ್ಪುಗಟ್ಟಿಸಿದ ಅಗಾರ್ ಎಂಬ ಲೋಳೆಯ ಮೇಲೆ ಒಂದು ಬ್ಯಾಕ್ಟೀರಿಯಾ ಹರಡಿ ಬೆಳೆಸಬೇಕು. ಹುಳುಗಳ ಊಟ ಅದೇ. ಹುಳುಗಳನ್ನು ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ಸಾಗಿಸಲು ಟೂತ್‌ಪಿಕ್ಕಿನ ತುದಿಗೆ ಒಂದು ಕಣ್ರೆಪ್ಪೆಯ ಕೂದಲನ್ನು ನೈಲ್ ಪಾಲಿಶ್‌ನಿಂದ ಅಂಟಿಸಿಕೊಳ್ಳುತ್ತಿದ್ದೆವು. ಅಷ್ಟು ಮೆತ್ತಗಿನದು, ಅಷ್ಟು ಸಣ್ಣದು ಬೇರೇನೂ ಇಲ್ಲ. ನನ್ನ ರೆಪ್ಪೆ ತೀರ ಮೋಟು. ಆದರೆ ಆ ಡಿಸೆಂಬರಿನಲ್ಲಿ ಸೀಮಂತ ಮುಗಿಸಿಕೊಂಡು ಅಕ್ಕ ಹೆರಿಗೆಗೆಂದು ತವರಿಗೆ ಬಂದಳು, ಏಳು ತಿಂಗಳ ಹೊಟ್ಟೆ ಮತ್ತು ಉದ್ದುದ್ದ ರೆಪ್ಪೆಗಳ ಸಮೇತ. "ಬಸುರಿ ಹೆಂಗಸಿನ ರೆಪ್ಪೆ ಕೀಳ್ತೀಯಲ್ಲೇ, ಪಾಪಿ" ಎಂದು ಬಯ್ಯುತ್ತಲೇ ಮೂರು ಕೊಟ್ಟಳು.

ಭಾನುವಾರ ಕಾಲೇಜಿಗೆ ಬೀಗ. ಎಣಿಕೆ ನಿಲ್ಲುವ ಹಾಗಿಲ್ಲ. ಹಾಗಾಗಿ ಶನಿವಾರ ಸಂಜೆ ಪ್ಲೇಟುಗಳನ್ನೂ ಕಾಲೇಜಿನ ಹಳೆಯದೊಂದು ಭೂತಗನ್ನಡಿಯನ್ನೂ ಟಿಫನ್ ಕ್ಯಾರಿಯರಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ಮನೆಯಲ್ಲಿ ಉಗ್ರಾಣದ ಮೂಲೆಯೇ ತಂಪು. "ಅಡುಗೆಮನೆ ಹೊಸ್ತಿಲು ದಾಟಿಸ್ಬೇಡ" ಎಂಬುದೊಂದೇ ಅಜ್ಜಿಯ ಷರತ್ತು. ಹುಳುಗಳ ಊಟ ಯಾವುದೆಂದು ಕೇಳಿದಾಗ ಬ್ಯಾಕ್ಟೀರಿಯಾ ಎಂದಷ್ಟೇ ಹೇಳಿದೆ. ಆ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ವಾಸಿಸುವುದು ಮನುಷ್ಯರ ಕರುಳಿನಲ್ಲಿ ಎಂಬುದನ್ನು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಹುಳುಗಳ ಜೊತೆ ನನ್ನನ್ನೂ ಹಿತ್ತಲಿಗೆ ಹಾಕುತ್ತಿದ್ದರು.

ಅಕ್ಕನಿಗೂ ಅಜ್ಜಿಗೂ ಅಷ್ಟರಲ್ಲಿ ಯುದ್ಧ ನಡೆದಿತ್ತು. ಅಕ್ಕನಿಗೆ ತುಪ್ಪದ ವಾಸನೆಗೇ ಓಕರಿಕೆ. ಅಜ್ಜಿಗೆ ಬಸುರಿಯ ತಟ್ಟೆಯಲ್ಲಿ ತುಪ್ಪವಿಲ್ಲದಿದ್ದರೆ ಸಮಾಧಾನವಿಲ್ಲ. ಅಕ್ಕ ತಟ್ಟೆಗೆ ಕೈ ಅಡ್ಡ ಹಿಡಿದರೆ ಅಜ್ಜಿ ಬೆರಳಿನ ಸಂದಿಯಲ್ಲೇ ಬಿಡುವಳು. ಸಾರಿನೊಳಗೆ ಬೆರೆಸಿ, ದೋಸೆಯ ಕೆಳಗೆ ಸವರಿ, ಒಮ್ಮೆ ಕಾಫಿಗೂ ಒಂದು ಹನಿ ಹಾಕಿ ಸಿಕ್ಕಿಬಿದ್ದಿದ್ದಳು.

ಜನವರಿಯ ಕೊನೆಗೆ ನನ್ನ ಫಲಿತಾಂಶ ಬಂತು. ಎರಡು ಸಲ ಮಾಡಿದ್ದೆ, ಎರಡೂ ಸಲ ಒಂದೇ. ಬರಿ ಪ್ಲೇಟಿನ ಹುಳುಗಳು ಎಂದಿನಂತೆ ಮೂರು ದಿನಕ್ಕೆ ಬೆಳೆದವು. ಎಣ್ಣೆಯ ಪ್ಲೇಟಿನವೂ ಹೆಚ್ಚುಕಡಿಮೆ ಹಾಗೆಯೇ. ತುಪ್ಪದ ಪ್ಲೇಟಿನವು ಮಾತ್ರ ಐದು ದಿನವಾದರೂ ಸಣಕಲು. ಮೊಟ್ಟೆ ಅರ್ಧಕ್ಕಿಂತ ಕಡಿಮೆ. ಕೆಲವು ತಾಯಿ ಹುಳುಗಳಂತೂ ಮೊಟ್ಟೆಗಳನ್ನು ಹೊರಗೇ ಬಿಡದೆ ಹೊಟ್ಟೆಯಲ್ಲೇ ಇಟ್ಟುಕೊಂಡು ಬಿದ್ದಿದ್ದವು. ಇಷ್ಟು ಚೊಕ್ಕ ಫಲಿತಾಂಶ ನಮ್ಮ ಲ್ಯಾಬಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಮೇಡಂ ಗ್ರಾಫನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ನೋಡಿ, "ಇನ್ನೊಂದ್ ಸಲ ಮಾಡ್ಬಿಡು, ಆಮೇಲೆ ಬರಿಯಕ್ಕೆ ಕೂತ್ಕೊ" ಎಂದರು. ಅದು ಅವರ ಬಾಯಿಂದ ಬಂದರೆ ಹಾರ ತುರಾಯಿ ಹಾಕಿದ ಹಾಗೆ.

ಅಂದು ಮನೆಗೆ ಬಂದು ಊಟದ ಹೊತ್ತಿಗೆ ಎಲ್ಲರ ಮುಂದೆ ಭಾಷಣ ಬಿಗಿದೆ. ಅಕ್ಕ ತಟ್ಟೆ ಬಿಟ್ಟು ಎದ್ದು ಬಂದು ನನ್ನ ಕೆನ್ನೆ ಹಿಂಡಿದಳು. "ಕೇಳಿಸ್ಕೊಂಡ್ಯಾ ಅಜ್ಜಿ? ತುಪ್ಪ ತಿಂದ್ರೆ ಮರಿ ಬೆಳಿಯಲ್ವಂತೆ. ಸೈನ್ಸ್ ಹೇಳ್ತಿದೆ!"

ಈಗ ಬಿತ್ತು ಬಾಂಬು ಎಂದುಕೊಂಡೆವು. ಏಳು ಹೆತ್ತವಳು, ಏಳಕ್ಕೂ ತುಪ್ಪ ತಿಂದವಳು, ಸುಮ್ಮನೆ ಬಿಟ್ಟಾಳೆಯೇ? ಆದರೆ ಅಜ್ಜಿ ಮೆಲ್ಲನೆ ಕೇಳಿದ್ದಿಷ್ಟೇ: "ಮರಿಗಳು ಸಣ್ಣಗಿವ್ಯೇನೇ?"

"ತುಂಬಾ ಸಣ್ಣ ಅಜ್ಜಿ. ಬೆಳೀತಾನೇ ಇಲ್ಲ."

"ನೀನೇ ಕಣ್ಣಾರೆ ನೋಡಿದ್ಯಾ?"

"ನೂರು ಸಲ ನೋಡಿದೀನಿ."

ಮರುದಿನ ತುಪ್ಪದ ಪಾತ್ರೆ ಅಡುಗೆಮನೆಯ ಅಟ್ಟಕ್ಕೆ ಏರಿತ್ತು. ಅಮ್ಮನಿಂದ ಸ್ಟೂಲು ಹಾಕಿಸಿ ಇಡಿಸಿದವಳು ಅಜ್ಜಿಯೇ. "ಓದಿದ ಹುಡುಗಿ, ಕಣ್ಣಾರೆ ನೋಡಿದೀನಿ ಅಂತಾಳೆ. ಹುಟ್ಟೋ ಕೂಸಿಗೆ ಯಾಕೆ ತೊಂದ್ರೆ" ಎಂದಳಂತೆ. ಅಪ್ಪ, ಡಾಕ್ಟರು, ರೇಡಿಯೋ, ಯಾರು ಹೇಳಿದರೂ ತುಪ್ಪ ಬಡಿಸುವುದನ್ನು ಬಿಡದ ಅಜ್ಜಿ ನನ್ನ ಮಾತಿಗೆ ಬಿಟ್ಟಿದ್ದಳು. ನಾನು ಬೀಗಿದೆ. ವಾರವೆಲ್ಲ ಕ್ಲಾಸಿನಲ್ಲಿ ಇದನ್ನೇ ಹೇಳಿಕೊಂಡು ತಿರುಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರನೇ ಸಲದ ಪ್ರಯೋಗಕ್ಕೆ ಹೊರಟರೆ ಬಾಟಲಿಯಲ್ಲಿ ತುಪ್ಪ ತಳ ಕಂಡಿತ್ತು. ಅಟ್ಟದ ಮೇಲಿನ ಪಾತ್ರೆ ಕೆಳಗಿಳಿಸಿ ಎನ್ನಲು ನನಗೇ ಮುಜುಗರ. ನಾನೇ ತಾನೆ ಅದನ್ನು ಮೇಲೆ ಹತ್ತಿಸಿದವಳು. ಇದ್ದುದರಲ್ಲಿ ಅರ್ಧ ಪ್ಲೇಟುಗಳನ್ನು ಮಾಡಿ, ಉಳಿದ ಅರ್ಧಕ್ಕೆ ಮೇಡಂಗೆ ಹೇಳದೆ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿನ ಅಂಗಡಿಯೊಂದರಿಂದ ತುಪ್ಪ ತಂದು ಹಾಕಿದೆ.

ಮೂರನೇ ದಿನ ನೋಡಿದರೆ ಅಂಗಡಿ ತುಪ್ಪದ ಹುಳುಗಳು ಗುಂಡುಗುಂಡಾಗಿ ಬೆಳೆದು, ಹೊಟ್ಟೆ ತುಂಬ ಮೊಟ್ಟೆ ಹೊತ್ತುಕೊಂಡು, ಮದುವೆಮನೆಯ ಆಂಟಿಯರಂತೆ ಓಡಾಡಿಕೊಂಡಿದ್ದವು. ನನಗೆ ಕೆಟ್ಟ ಕೋಪ ಬಂತು. ಕಳ್ಳರು, ತುಪ್ಪವೆಂದು ಏನು ಕೊಟ್ಟಿದ್ದಾರೋ ಎಂದು ಅಂಗಡಿಯವರನ್ನು ಮನಸಾರೆ ಬೈದೆ. ಅರ್ಧ ಗಂಟೆ ಬೈದ ಮೇಲೆ ಸುಸ್ತಾಗಿ, ಎರಡೂ ಪ್ಲೇಟುಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆಗ ಕಂಡಿತು. ಅಂಗಡಿ ತುಪ್ಪದ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳ್ಳಗೆ ದಟ್ಟವಾಗಿ ಹರಡಿತ್ತು. ಮನೆ ತುಪ್ಪದ ಪ್ಲೇಟಿನಲ್ಲಿ ತೆಳ್ಳಗೆ, ಅಲ್ಲಲ್ಲಿ, ಇದ್ದೂ ಇಲ್ಲದ ಹಾಗಿತ್ತು. ನಾನು ಇಷ್ಟು ದಿನ ಹುಳುಗಳನ್ನೇ ನೋಡಿದ್ದೆ, ಅವುಗಳ ಊಟದ ಕಡೆ ಕಣ್ಣೇ ಹಾಯಿಸಿರಲಿಲ್ಲ.

ಮನೆ ತುಪ್ಪದಲ್ಲಿ ಏನಿದೆ? ಅಜ್ಜಿಯ ಬಾಟಲಿಯನ್ನು ಎತ್ತಿ ಬಗ್ಗಿಸಿ ನೋಡಿದೆ. ತಳದಲ್ಲಿ ಕಪ್ಪಗಿನದೊಂದು ಚೂರು ಅಂಟಿಕೊಂಡಿತ್ತು. ಕಡ್ಡಿಯಿಂದ ಎಬ್ಬಿಸಿ ಹೊರಗೆ ತೆಗೆದೆ. ತೆಗೆದವಳು ಏನು ಮಾಡಿದೆ? ಬಾಯಿಗೆ ಹಾಕಿಕೊಂಡೆ. ತುಪ್ಪದ ಎಲೆ ಸಿಕ್ಕರೆ ನಮ್ಮ ಮನೆಯ ಹೆಣ್ಣುಮಕ್ಕಳು ಮೊದಲು ಬಾಯಿಗೆ ಹಾಕಿಕೊಳ್ಳುತ್ತಾರೆ, ಯೋಚನೆ ಆಮೇಲೆ. ಗರಿ ಹೋಗಿ ಮೆತ್ತಗಾಗಿತ್ತು. ಆದರೂ ನಾಲಿಗೆಯ ಮೇಲೆ ಆ ಸಣ್ಣ ಖಾರ, ಆ ಚುರುಕು ಹಾಗೇ ಇತ್ತು. ವೀಳ್ಯದೆಲೆ.

ಬಿ.ಎಸ್ಸಿ.ಯಲ್ಲಿ ನಮ್ಮಲ್ಲಿ ಎಲ್ಲರೂ ಮಾಡಿರುವ ಒಂದು ಪ್ರಾಕ್ಟಿಕಲ್ ಇತ್ತು: ತುಳಸಿ, ಬೆಳ್ಳುಳ್ಳಿ, ವೀಳ್ಯದೆಲೆಯ ರಸದಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಬ್ಯಾಕ್ಟೀರಿಯಾ ಮೇಲಿಟ್ಟು, ಸುತ್ತ ಎಷ್ಟು ಸತ್ತಿದೆ ಎಂದು ಸ್ಕೇಲಿನಲ್ಲಿ ಅಳೆಯುವುದು. ಅಂದು ವೀಳ್ಯದೆಲೆಯ ಸುತ್ತಲಿನ ಉಂಗುರವೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಅಳೆದು, ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬರೆದು, ಪೂರ್ತಿ ಅಂಕ ಪಡೆದವಳು ನಾನೇ. ಹುಟ್ಟಿದಾಗಿನಿಂದ ತಿಂದ ತುಪ್ಪದಲ್ಲಿ ಎಲೆ ಇದೆಯೆಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಎಷ್ಟು ಗೊತ್ತಿತ್ತೆಂದರೆ, ಅದನ್ನೊಂದು ವಸ್ತುವೆಂದು ಎಣಿಸಲೇ ಇಲ್ಲ. ನಮ್ಮ ಮನೆಯಲ್ಲಿ ಶುದ್ಧ ತುಪ್ಪವೆಂದರೆ ಎಲೆ ಹಾಕಿದ ತುಪ್ಪ.

"ಬಾಯಲ್ಲೇನು?" ಬಾಗಿಲಲ್ಲಿ ಮೇಡಂ ನಿಂತಿದ್ದರು.

"ಏನಿಲ್ಲ ಮೇಡಂ."

"ಲ್ಯಾಬಲ್ಲಿ ತಿನ್ಬಾರ್ದು ಅಂತ ಇನ್ನೂ ಹೇಳ್ಕೊಡ್ಬೇಕಾ? ಇದೇನ್ ನರ್ಸರಿ ಕ್ಲಾಸಾ?" ಎಂದು ಗದರಿ ಹೋದರು. ನಾನು ಎಲೆ ನುಂಗಿದೆ.

ಎರಡು ದಿನದಲ್ಲಿ ಗುಟ್ಟಾಗಿ ಪರೀಕ್ಷೆ ಮಾಡಿಕೊಂಡೆ. ಹುಳು ಹಾಕದೆ ಬರೀ ಬ್ಯಾಕ್ಟೀರಿಯಾ ಮೇಲೆ, ಬಾಟಲಿಯ ತಳಕ್ಕೆ ಅಂಟಿದ್ದ ಮನೆ ತುಪ್ಪ, ಅಂಗಡಿ ತುಪ್ಪ. ಅನುಮಾನವೇ ಉಳಿಯಲಿಲ್ಲ. ನನ್ನ ಹುಳುಗಳು ಕೊಬ್ಬಿನಿಂದ ಸೊರಗಿರಲಿಲ್ಲ. ಹಸಿವಿನಿಂದ ಸೊರಗಿದ್ದವು. ಪುಸ್ತಕ ತೆಗೆದರೆ ಅದೂ ಅಲ್ಲೇ ಇತ್ತು: ಊಟ ಸಿಗದ ತಾಯಿ ಹುಳು ಮೊಟ್ಟೆಯನ್ನು ಹೊರಗೆ ಬಿಡದೆ ಒಳಗೇ ಹಿಡಿದುಕೊಳ್ಳುತ್ತದೆ.

ಆದರೂ ಬಾಯಿ ಬಿಡಲಿಲ್ಲ. ಸುಳ್ಳೇಕೆ ಹೇಳಲಿ, ಮುಚ್ಚಿಡಬೇಕೆಂದೇ ಇದ್ದೆ. ಮಾರ್ಚ್ ಕೊನೆಗೆ ಇನ್ನೊಂದೇ ತಿಂಗಳು. ಹೇಳಿದರೆ ಎಲ್ಲ ಮೊದಲಿನಿಂದ ಮಾಡಬೇಕು, ಜೂನ್ ತಿಂಗಳ ಜಾಗ ಕೈತಪ್ಪುತ್ತದೆ. ಥೀಸಿಸ್‌ನಲ್ಲಿ "ಮನೆಯಲ್ಲಿ ತಯಾರಿಸಿದ ಶುದ್ಧ ತುಪ್ಪ" ಎಂದು ಬರೆದಿದ್ದೆ. ಅದರಲ್ಲಿ ಒಂದಕ್ಷರ ಸುಳ್ಳಿದೆಯೇ? ಎಲೆ ಹಾಕಿದ್ದಿರಾ ಎಂದು ಯಾವ ಪರೀಕ್ಷಕರು ಕೇಳುತ್ತಾರೆ? ಹೀಗೆ ನನ್ನಷ್ಟಕ್ಕೆ ನಾನೇ ವಕೀಲಿಕೆ ಮಾಡಿಕೊಂಡೆ.

ಭಾನುವಾರ ಮಧ್ಯಾಹ್ನ. ಅಕ್ಕ ಡಾಕ್ಟರ ಸಲಹೆಯಂತೆ ಊಟ ಮುಗಿಸಿ ಅಡ್ಡಾಗಿದ್ದಳು. ನಾನು ತಡವಾಗಿ ಊಟಕ್ಕೆ ಕೂತೆ, ಎದುರಿಗೆ ಅಜ್ಜಿ. ಅವಳಿಗೆ ಹಲ್ಲಿಲ್ಲ, ಕಟ್ಟಿಸಿದ ಹಲ್ಲು ಡಬ್ಬಿ ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಬಿಸಿ ಅನ್ನಕ್ಕೆ ತುಪ್ಪ ಹಾಕಿ, ತಿಳಿಸಾರು ಬೆರೆಸಿ, ಬೆಣ್ಣೆಯ ಹಾಗೆ ನುರಿದು ಉಣ್ಣುವುದೇ ಅವಳ ಎರಡು ಹೊತ್ತಿನ ಊಟ. ಅಂದು ಎರಡು ತುತ್ತು ಮಜ್ಜಿಗೆ ಅನ್ನ ಉಂಡು ಕೈಗೆ ನೀರು ಹಾಕಿಕೊಂಡಳು.

"ಯಾಕಜ್ಜಿ, ಇಷ್ಟೇನಾ?"

"ಸಾಕು ಕಣೇ. ತುಪ್ಪ ಇಲ್ದಿರೋ ಅನ್ನ, ಗಂಟ್ಲಲ್ಲಿ ಇಳಿಯಲ್ಲ."

ಒಳಗಿಂದ ಅಮ್ಮ, "ಮೂರ್ ವಾರದಿಂದ ಹೀಗೇ. ಬಳೆ ನೋಡು ಅವರ್ದು" ಎಂದಳು.

ನೋಡಿದೆ. ಅಜ್ಜಿ ಕೈ ಎತ್ತಿದಾಗ ಬಳೆಗಳು ಮೊಣಕೈಯವರೆಗೆ ಜಾರಿದವು.

"ನಿನ್ನನ್ಯಾರು ತುಪ್ಪ ಬಿಡು ಅಂದ್ರು? ನಿಂಗೇನ್ ಮಗು ಹುಟ್ಬೇಕಾ?" ನನಗೆ ಸಿಟ್ಟೇ ಬಂತು.

"ಬಸುರಿ ಎದುರಿಗೆ ನಾನೊಬ್ಳು ಹಾಕ್ಕೊಂಡು ತಿನ್ನೋದೇನೇ? ವಾಸ್ನೆ ಬರಲ್ವಾ? ಅವ್ಳಿಗೂ ಆಸೆ ಆಗಲ್ವಾ?" ಎಂದಳು ಅಜ್ಜಿ. ಅಕ್ಕನಿಗೆ ತುಪ್ಪದ ಆಸೆಯಿಲ್ಲ ಎಂಬುದನ್ನು ಅವಳು ಕೊನೆಯವರೆಗೂ ನಂಬಲಿಲ್ಲ.

ನಾನು ತುತ್ತು ಕೆಳಗಿಟ್ಟೆ. ಎಲ್ಲ ಹೇಳಿಬಿಟ್ಟೆ. ಎಲೆ, ಬ್ಯಾಕ್ಟೀರಿಯಾ, ಅಂಗಡಿ ತುಪ್ಪ, ಒಂದನ್ನೂ ಬಿಡಲಿಲ್ಲ. ಎಲೆಯನ್ನು ದೂರುತ್ತಿದ್ದೇನೆಂದು ಅಜ್ಜಿ ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಅವಳ ಯೋಚನೆ ಬೇರೆಲ್ಲೋ ಇತ್ತು.

"ಅಂದ್ರೆ ಅಷ್ಟು ದಿನಾನೂ ಅವು ಹಸ್ಕೊಂಡಿದ್ವಾ?"

"ಹೂಂ ಅಜ್ಜಿ."

"ನನ್ ತುಪ್ಪ ಹಾಕಿ ಉಪವಾಸ ಕೆಡವಿದ್ಯಾ?" ಅಜ್ಜಿಯ ಮುಖ ಸಣ್ಣಗಾಯಿತು. "ದಿನಾ ಪಕ್ಕದಲ್ಲೇ ಕೂತು ಎಣಿಸ್ತಿದ್ಯಲ್ಲ. ನಿಂಗೆ ಗೊತ್ತಾಗ್ಲಿಲ್ವೇನೇ?"

"ಗೊತ್ತಾಗ್ಲಿಲ್ಲ ಅಜ್ಜಿ" ಎಂದೆ. ನನ್ನ ಕಣ್ಣು ಅವಳ ಬಳೆಗಳ ಮೇಲೇ ಇತ್ತು. ಹುಳುಗಳ ಮಾತು ಹಾಗಿರಲಿ, ಮೂರು ವಾರ ಇದೇ ಮಣೆಯ ಎದುರು ಕೂತು ನಾನು ಉಂಡು ಎದ್ದಿದ್ದೆ.

ಎಂಜಲು ಕೈ ತೊಳೆದುಕೊಂಡು ಬಂದು, ಸ್ಟೂಲು ಹತ್ತಿ, ಅಟ್ಟದ ಪಾತ್ರೆ ಇಳಿಸಿದೆ. ಅಮ್ಮ ಬಿಸಿ ಅನ್ನ ಬಡಿಸಿದಳು. ಅಜ್ಜಿ ಬೇಡ ಬೇಡ ಎನ್ನುತ್ತಲೇ ಮತ್ತೆ ಮಣೆಯ ಮೇಲೆ ಕೂತಳು. ನಾನು ಅವಳ ತಟ್ಟೆಗೆ, ಅವಳೇ ಅಕ್ಕನಿಗೆ ಮಾಡುತ್ತಿದ್ದ ಹಾಗೆ, ಬೆರಳಿನ ಸಂದಿಯಲ್ಲಿ ತುಪ್ಪ ಬಿಟ್ಟೆ. ವಾಸನೆಗೆ ಎದ್ದ ಅಕ್ಕ ರೂಮಿನಿಂದಲೇ ಕೂಗಿದಳು, "ಯಾರೇ ಅದು, ನನ್ನ ಸೈನ್ಸ್ ಹಾಳು ಮಾಡಿದ್ದು?"

ಸೋಮವಾರ ಮೇಡಂ ಮುಂದೆ ನಿಂತು ಹೇಳಿದೆ. ಬಾಯಲ್ಲಿ ಏನಿತ್ತು ಎಂಬುದರಿಂದಲೇ ಶುರು ಮಾಡಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸರಿ. ಕಂಟ್ರೋಲ್ ಎಲ್ಲಿ?" ಎಂದರು. ಅದನ್ನು ಯೋಚಿಸಿಕೊಂಡೇ ಹೋಗಿದ್ದೆ: ಒಂದೇ ಬೆಣ್ಣೆ, ಒಂದೇ ಒಲೆ, ಒಂದೇ ಅಜ್ಜಿ, ಅರ್ಧ ತುಪ್ಪಕ್ಕೆ ಎಲೆ, ಅರ್ಧಕ್ಕೆ ಇಲ್ಲ. ಮೇಡಂ ತಲೆಯಾಡಿಸಿದರು. "ಚೆನ್ನಾಗಿದೆ. ಆದ್ರೆ ಮಾರ್ಚ್‌ಗೆ ಆಗಲ್ಲ. ಜೂನ್‌ಗೆ ನಾನು ಬೇರೆಯವ್ರನ್ನ ತಗೋಬೇಕಾಗುತ್ತೆ."

"ಗೊತ್ತು ಮೇಡಂ."

ಗೊತ್ತಿದ್ದರೂ ಬಸ್ ಸ್ಟಾಪಿನಲ್ಲಿ ನಿಂತು ಅತ್ತೆ. ಪಕ್ಕದಲ್ಲಿದ್ದ ಆಂಟಿಯೊಬ್ಬರು ಪರೀಕ್ಷೆಯಲ್ಲಿ ಫೇಲಾದಳೆಂದುಕೊಂಡು, "ಸಪ್ಲಿಮೆಂಟರಿ ಇರುತ್ತಮ್ಮ" ಎಂದು ಸಮಾಧಾನ ಮಾಡಿದರು. ಆ ಮಾತಿಗೆ ಅಳುವಿನ ನಡುವೆಯೇ ನಗು ಬಂತು.

ಎಲೆಯಿಲ್ಲದ ತುಪ್ಪಕ್ಕೆ ಅಜ್ಜಿಯನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. "ಎಲೆ ಹಾಕ್ದೆ ಇಳಿಸಿದ್ರೆ ಅದು ತುಪ್ಪ ಅಲ್ಲ, ಕಾದ ಬೆಣ್ಣೆ" ಎಂದು ಹಟ ಹಿಡಿದಳು. ಹುಳುಗಳು ಹಸಿದುಕೊಂಡಿರುತ್ತವೆ ಎಂದೆ. ಎರಡನೇ ಪ್ಯಾನ್ ಒಲೆಯ ಮೇಲಿಟ್ಟಳು. ಎಲೆಯ ತೂಕ ಎಷ್ಟೆಂದು ಮೇಡಂ ಕೇಳಿ ಕಳಿಸಿದಾಗ ಮಾತ್ರ, "ಎಲೆ ಅಂದ್ರೆ ಎಲೆ ಅಂತ ಹೇಳು ಅವ್ರಿಗೆ" ಎಂದಳು.

ಮಾರ್ಚ್ ಮೊದಲ ವಾರದಲ್ಲಿ ಅಕ್ಕನಿಗೆ ಹೆಣ್ಣು ಮಗುವಾಯಿತು, ತಾಯಿಯದೇ ರೆಪ್ಪೆ. ಮೇ ತಿಂಗಳಿಗೆ ನನ್ನ ಹೊಸ ಎಣಿಕೆ ಮುಗಿಯಿತು. ಎಲೆಯಿಲ್ಲದ ತುಪ್ಪವನ್ನು ಸ್ವಲ್ಪ ಹಾಕಿದ ಪ್ಲೇಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಧಾರಾಳವಾಗಿ ಹಾಕಿದಲ್ಲಿ ಹುಳುಗಳು ಬೆಳೆಯಲು ಅರ್ಧ ದಿನ ಹೆಚ್ಚು ತೆಗೆದುಕೊಂಡವು, ಮೊಟ್ಟೆಗಳೂ ಒಂದಿಷ್ಟು ಕಡಿಮೆಯಾದವು. ಕೊಬ್ಬು ಏನೋ ಮಾಡುತ್ತದೆ, ಆದರೆ ನಾನು ಸಾರಿದಷ್ಟು ಮಾಡುವುದಿಲ್ಲ. ಮನೆಯಲ್ಲಿ ಇದನ್ನು ಹೇಳಿದಾಗ ಅಕ್ಕ ತಾನು ಗೆದ್ದೆ ಎಂದಳು, ಅಜ್ಜಿ ತಾನು ಗೆದ್ದೆ ಎಂದಳು. ಅಕ್ಕ ಡಾಕ್ಟರನ್ನು ಕೇಳಿದರೆ, "ನೀವು ಹುಳ ಅಲ್ವಲ್ಲಮ್ಮ, ಒಂದ್ ಚಮಚ ತಿನ್ನಿ" ಎಂದರಂತೆ.

ಒಂದು ದಿನ ಅಜ್ಜಿ ಹುಳುಗಳನ್ನು ನೋಡಲೇಬೇಕೆಂದಳು. ರೇಷ್ಮೆ ಸೀರೆ ಉಟ್ಟು, ಆಟೋದಲ್ಲಿ ಜಯನಗರಕ್ಕೆ ಬಂದಳು. ಮೇಡಂ ತಾವೇ ಸ್ಟೂಲು ಎಳೆದು ಕೂರಿಸಿ ಮೈಕ್ರೋಸ್ಕೋಪು ಸರಿಮಾಡಿಕೊಟ್ಟರು. ಅಜ್ಜಿ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ಈಗ ಉಣ್ತಿವೆ ಅಲ್ವಾ?"

"ಹೊಟ್ಟೆ ತುಂಬಾ ಉಣ್ತಿವೆ" ಎಂದರು ಮೇಡಂ. ಯಾವುದಕ್ಕೆ ಹೋಲಿಸಿ ಎಂದು ಅಂದು ಯಾರೂ ಕೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಥೀಸಿಸ್ ಕೊಟ್ಟೆ. ಅಷ್ಟು ಹೊತ್ತಿಗೂ ಮೇಡಂ ಹತ್ತಿರ ಬೇರೆ ಜಾಗ ಹುಟ್ಟಿರಲಿಲ್ಲ. ನಾನು ಬಿ.ಟಿ.ಎಂ. ಲೇಔಟಿನ ಒಂದು ಪಿ.ಯು. ಕಾಲೇಜಿನಲ್ಲಿ ಬಯಾಲಜಿ ಪಾಠ ಹೇಳಲು ಸೇರಿದೆ, ಈಗಲೂ ಅದೇ ಕೆಲಸ. ಅಲ್ಲಿ ಕಪ್ಪೆಯ ಚಾರ್ಟಿತ್ತು, ಜಿರಲೆಯ ಚಾರ್ಟಿತ್ತು, ಹುಳುಗಳಿರಲಿಲ್ಲ. ಮೊದಮೊದಲು ತುಂಬಾ ಬೇಜಾರಾಗುತ್ತಿತ್ತು. ಆಮೇಲೆ ಮಕ್ಕಳು ಹಿಡಿಸಿದರು.

ಇದನ್ನು ಅಜ್ಜಿಗೆ ವಿವರಿಸಿ ಹೇಳಲಿಲ್ಲ. ಕಾಲೇಜಿಗೆ ಹೋಗುತ್ತಿದ್ದೇನೆ ಎಂದಮೇಲೆ ಹುಳುಗಳೂ ಅಲ್ಲೇ ಇವೆಯೆಂದು ಅವಳು ತಿಳಿದುಕೊಂಡಳು. ವಾರಕ್ಕೊಮ್ಮೆ ತುಪ್ಪ ಕಾಯಿಸುವಾಗ, ಎಲೆ ಹಾಕುವ ಮುಂಚೆ, ಒಂದು ಪುಟ್ಟ ಬಾಟಲಿಗೆ ಬಗ್ಗಿಸಿ ಪಕ್ಕಕ್ಕಿಡುವಳು. "ತಗೊಂಡ್ ಹೋಗು, ಅವುಗಳ ಪಾಲು" ಎನ್ನುವಳು. ಹುಳುಗಳಿಲ್ಲ ಅಜ್ಜಿ ಎನ್ನಲು ನೂರು ಸಲ ಬಾಯಿ ತೆರೆದೆ. ಆಗಲಿಲ್ಲ. ಬಾಟಲಿಯನ್ನು ಟಿಫನ್ ಡಬ್ಬಿಯ ಜೊತೆ ಬ್ಯಾಗಿಗೆ ಹಾಕಿಕೊಂಡು ಹೋಗಿ, ಸ್ಟಾಫ್ ರೂಮಿನಲ್ಲಿ ಅನ್ನಕ್ಕೆ ಬೆರೆಸಿಕೊಂಡು ನಾನೇ ತಿನ್ನುತ್ತಿದ್ದೆ. ಅಜ್ಜಿ ಹೇಳಿದ್ದು ನಿಜ, ಎಲೆಯಿಲ್ಲದೆ ಅದು ಬರೀ ಕಾದ ಬೆಣ್ಣೆ. ಅವಳಿರುವ ತನಕ, ಆರು ವರ್ಷ, ಒಂದು ವಾರವೂ ತಪ್ಪಲಿಲ್ಲ.

ಸಂಜೆ ಖಾಲಿ ಬಾಟಲಿ ವಾಪಸ್ಸು ಕೊಡುವಾಗ ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡುವಳು.

"ಉಂಡ್ವೇನೇ?"

"ಉಂಡ್ವು ಅಜ್ಜಿ" ಎನ್ನುತ್ತಿದ್ದೆ. ಅವಳು ಬಾಟಲಿ ತೊಳೆದು, ಮುಂದಿನ ವಾರಕ್ಕೆಂದು ಬೋರಲು ಹಾಕುತ್ತಿದ್ದಳು.